ಕುಂಕುಮ ಕೊಟ್ಟು ಕರೆದ ತಪಾಸಣೆ

ಫೆಬ್ರವರಿ ೧೨, ಗುರುವಾರ

ಮುದುಕಿಯ ದಿನಚರಿ ಪುಸ್ತಕ ಕದ್ದು ಓದುವವರೇ, ನಾಚಿಕೆಯಿಲ್ಲವೇ? ಓದುವುದಾದರೆ ಪೂರಾ ಓದಿ.

ಕ್ಯಾನ್ಸರ್ ತಪಾಸಣೆ ಎಂದರೆ ನಮ್ಮ ನಾಯಕರ ಹಟ್ಟಿಯ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮದುವೆಗೆ ಕರೆದಂತೆ ಮನೆಮನೆಗೂ ಕುಂಕುಮ ಕೊಟ್ಟು ಕರೆದವಳು ನಾನು. ಹಾಗೆ ಕರೆದರೆ ಯಾರು ಬರುವುದಿಲ್ಲ? ಓಬವ್ವನೂ ಬಂದು ಎದೆಯ ಗಂಟು ತೋರಿಸಿದಳು. ಶಿಬಿರ ನಡೆಸಿದ ಸಂಸ್ಥೆಯ ಹುಡುಗಿ ಐಶ್ವರ್ಯ, ಗಂಟಿಗೆ ಸೂಜಿ ಚುಚ್ಚಿಸಿ ಪರೀಕ್ಷೆಗೆ ಕಳಿಸಿ, ತಿಂಗಳಲ್ಲಿ ರಿಪೋರ್ಟ್ ತರುತ್ತೇನೆ ಎಂದಳು. ಐದು ತಿಂಗಳಾಯಿತು.

ಇವತ್ತು ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಐಶ್ವರ್ಯ ಸಿಕ್ಕಳು.

"ಪ್ರಾಜೆಕ್ಟ್ ಮುಗೀತಜ್ಜಿ. ರಿಪೋರ್ಟೆಲ್ಲ ದಾವಣಗೆರೆ ಆಫೀಸ್‌ನಾಗೆ ಐತೆ."

"ಓಬವ್ವನ ಗಂಟು ಮುಗಿದಿಲ್ಲಲ್ಲೇ ತಾಯಿ!" ಎಂದೆ. ಬಸ್ಸು ಹತ್ತಿಬಿಟ್ಟಳು.

ಹುಣಿಸೆ ಬೀಜದಷ್ಟಿದ್ದದ್ದು ಈಗ ನಿಂಬೆಕಾಯಿಯಷ್ಟಾಗಿದೆ. ನಾನಿಟ್ಟ ಕುಂಕುಮ ಇನ್ನೂ ಅಂಟಿದೆಯೆಂಬಂತೆ, ನನ್ನನ್ನು ಕಂಡರೆ ಓಬವ್ವ ಹಣೆ ಒರೆಸಿಕೊಳ್ಳುತ್ತಾಳೆ.

ಐಶ್ವರ್ಯಾ, ನಿನ್ನನ್ನು ಕುಂಕುಮ ಕೊಟ್ಟು ಕರೆಯುವುದಿಲ್ಲ. ಮಾರ್ಚ್ ಹುಟ್ಟುವ ಮೊದಲು ಓಬವ್ವನ ಬಾಗಿಲಿಗೆ ಬಂದು ಉತ್ತರ ಕೊಡು.