ನೀನು ಕೈ ಬೀಸಿದಾಗ

ನಮ್ಮ ಮನೆಗೆ ಬರಲಿರುವ ಹೊಸಬರಿಗೆ,

ನಿನಗೆ ಹೊಸಬರು ಅಂತ ಹೆಸರಿಟ್ಟದ್ದು ನಾನಲ್ಲ, ಗೂಬಣ್ಣ. ನನ್ನ ಜೊತೆ ಕೆಲಸ ಮಾಡುವ ಹಿರಿಯರು ಅವರು. ರಾತ್ರಿ ಪಾಳಿಯಲ್ಲೇ ತಲೆ ನರೆತದ್ದರಿಂದ ಆ ಅಡ್ಡಹೆಸರು ಬಿತ್ತು. ಕರೆದರೆ ಖುಷಿಯಿಂದಲೇ ಓಗೊಡುತ್ತಾರೆ. ನನ್ನ ಹೊಟ್ಟೆಯ ಕಡೆ ನೋಡಿ, "ಹೊಸಬರು ಹೇಗಿದಾರೆ? ಕೆಲಸಕ್ಕೆ ಯಾವಾಗ ಸೇರ್ತಾರಂತೆ?" ಎಂದು ಗಂಭೀರವಾಗಿ ವಿಚಾರಿಸುತ್ತಾರೆ. ಈಗ ಮನೆಯಲ್ಲೂ ನಿನಗೆ ಅದೇ ಹೆಸರು.

ನಿನ್ನ ಅಮ್ಮನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ದೊಡ್ಡ ರೈಲು ನಿಲ್ದಾಣದ ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ನೋಡುವುದು. ಗೋಡೆಯ ತುಂಬ ಪರದೆಗಳು. ಒಂದರಲ್ಲಿ ಟಿಕೆಟ್ಟಿನ ಸಾಲು, ಒಂದರಲ್ಲಿ ಮೆಟ್ಟಿಲು, ಒಂದರಲ್ಲಿ ಹಳಿಯ ಅಂಚು. ಯಾವುದಕ್ಕೂ ಸದ್ದಿಲ್ಲ. ಒಂದೇ ಪರದೆಯ ಮೇಲೆ ಕಣ್ಣು ನಿಲ್ಲಿಸಬಾರದು ಎಂಬುದು ಅಲ್ಲಿ ಕಲಿಸುವ ಮೊದಲ ಪಾಠ. ಯಾರೋ ಬಿಟ್ಟುಹೋದ ಚೀಲ, ಕೈಕೈ ಮಿಲಾಯಿಸುತ್ತಿರುವವರು, ಅಂಚಿಗೆ ಹೋದ ಮಗು, ಇಂಥದ್ದು ಕಂಡರೆ ಮಾತ್ರ ನಿಲ್ಲಬೇಕು. ಎಲ್ಲ ಸರಿಯಿದ್ದರೆ ಕಣ್ಣು ಪಕ್ಕದ ಪರದೆಗೆ ಹೋಗಬೇಕು.

ಈ ಚಟ ನನ್ನ ಹಿಂದೆಯೇ ಮನೆಗೂ ಬಂತು. ಊಟಕ್ಕೆ ಕೂತರೆ ಎದುರಿಗೆ ಟೀವಿ, ಎಡಗೈಯಲ್ಲಿ ಫೋನು, ಕಿವಿ ಇನ್ನೆಲ್ಲೋ. ನಿನ್ನ ಅಪ್ಪನೂ ಏನು ಕಡಿಮೆಯಿಲ್ಲ. ಒಂದು ದಿನ ನಿನ್ನ ಅಜ್ಜಿ ಬೇಕೆಂದೇ ಅಡುಗೆಗೆ ಉಪ್ಪು ಹಾಕದೆ ಬಡಿಸಿದರು. ನಾವಿಬ್ಬರೂ ಸೊಲ್ಲೆತ್ತದೆ ತಿಂದು ಕೈ ತೊಳೆದೆವು. "ನಿಮಗೆ ಹುಲ್ಲು ಹಾಕಿದ್ರೂ ನಡೆಯುತ್ತೆ ಬಿಡ್ರಪ್ಪ" ಎಂದು ಅಜ್ಜಿ ಎದ್ದುಹೋದರು.

ನಿನಗಿಂತ ಮೊದಲು ಒಬ್ಬರು ಬರುವವರಿದ್ದರು. ಇದನ್ನು ನಿನಗೆ ಮುಚ್ಚಿಡುವುದಿಲ್ಲ. ಸ್ಕ್ಯಾನ್ ಮಾಡುತ್ತ ಹರಟುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ ಸುಮ್ಮನಾದರು. ಆಮೇಲೆ, "ಒಂದ್ನಿಮಿಷ, ಬಂದೆ" ಎಂದು ಎದ್ದು ಬಾಗಿಲ ಆಚೆ ಹೋದರು. ಪರದೆ ನನ್ನ ಕಣ್ಣೆದುರೇ ಇತ್ತು. ಅಲ್ಲಿ ಏನು ಸರಿಯಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಅವರು ಇನ್ನೊಬ್ಬ ಡಾಕ್ಟರನ್ನು ಕರೆದುಕೊಂಡು ಬಂದಾಗ ಅವರ ಮುಖ ನೋಡಿ ತಿಳಿಯಿತು.

ಹಾಗಾಗಿ ನಿನ್ನ ಮೊದಲ ಸ್ಕ್ಯಾನ್ ದಿನ ನಾನು ಕೆಟ್ಟದ್ದನ್ನು ಹುಡುಕಲೆಂದೇ ಹೋದೆ. ಡಾಕ್ಟರ ಹುಬ್ಬು, ಬಾಗಿಲು, ಮೂಲೆಯಲ್ಲಿದ್ದ ಇನ್ನೊಂದು ಯಂತ್ರ, ಮತ್ತೆ ಡಾಕ್ಟರ ಹುಬ್ಬು, ಹೀಗೆ ನನ್ನ ಕಣ್ಣು ಗಸ್ತು ತಿರುಗುತ್ತಿತ್ತು. "ನೋಡಿ, ಇಲ್ಲಿ ನೋಡಿ, ಕೈ ಬೀಸ್ತಾ ಇದೆ" ಎಂದರು ಡಾಕ್ಟರು. ಆಗ ನನ್ನ ಕಣ್ಣು ಆ ಮೂಲೆಯಲ್ಲಿತ್ತು. ವಾಪಸು ಬರುವಷ್ಟರಲ್ಲಿ ನೀನು ಬೆನ್ನು ತಿರುಗಿಸಿಯಾಗಿತ್ತು.

ಹೊರಗೆ ಬಂದ ಮೇಲೆ ನಿನ್ನ ಅಪ್ಪ, "ನೋಡಿದ್ಯಾ?" ಎಂದ. "ಹೂಂ, ನೋಡಿದೆ" ಎಂದೆ. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು, ಮೊದಲೇ ಕೈ ಆಡಿಸದೆ ಮಾತಾಡಲು ಬಾರದು. ಅಜ್ಜಿಗೆ ಬಲಗೈ ಬೀಸಿ ತೋರಿಸಿದ, ಪಕ್ಕದ ಮನೆಯವರಿಗೆ ಎಡಗೈ, ಬೇಕರಿಯಲ್ಲಿ ಎರಡೂ ಕೈ. ಎಲ್ಲರೆದುರೂ ನಾನು ತಲೆಯಾಡಿಸಿದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೋಡುವುದೇ ನನ್ನ ಹೊಟ್ಟೆಪಾಡು, ಕಂದಾ. ಆದರೂ ನಿನ್ನನ್ನು ನೋಡಲಾಗಲಿಲ್ಲ. ನೀನು ಹುಟ್ಟಿ ಮಡಿಲಿಗೆ ಬಂದ ಮೇಲೂ ಹೀಗೇ ಆದರೆ ಏನು ಗತಿ ಎಂಬ ಭಯ ಅವತ್ತೇ ಹೊಕ್ಕಿತು.

ಗೂಬಣ್ಣನಿಗೆ ಮಾತ್ರ ಹೇಳಿದೆ. ಈಗ ರಾತ್ರಿ ಪಾಳಿ ಬಿಟ್ಟು, ನನ್ನ ನಂತರದ ಮಧ್ಯಾಹ್ನದ ಪಾಳಿ ಅವರದು. ಬೇಗನೆ ಬಂದು, ಟೀ ಲೋಟ ಹಿಡಿದು, ನನ್ನ ಕುರ್ಚಿಯ ಹಿಂದೆ ಸುಮ್ಮನೆ ನಿಂತಿರುತ್ತಿದ್ದರು. ವಯಸ್ಸಾದವರು, ಮನೆಯಲ್ಲಿ ಹೊತ್ತು ಹೋಗದೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ನಿಂತು ನೋಡುತ್ತಿದ್ದದ್ದು ಒಂದೇ ಒಂದು ಪರದೆಯನ್ನು, ಪ್ಲಾಟ್‌ಫಾರ್ಮಿನ ತುದಿಯ ಖಾಲಿ ಬೆಂಚನ್ನು ಎಂದು ಅವತ್ತು ತಿಳಿಯಿತು.

"ಕೆಟ್ಟದ್ದಕ್ಕೆ ಕಾದೂ ಕಾದೂ ನಮ್ಮ ಕಣ್ಣಿಗೆ ಒಳ್ಳೇದರ ಗುರುತೇ ಸಿಗಲ್ಲ, ತಾಯಿ. ಪಾಳಿ ಮುಗಿದ ಮೇಲೆ ನೀನೂ ಸ್ವಲ್ಪ ನಿಂತ್ಕೋ. ಗೋಡೆ ನಾನು ನೋಡ್ಕೋತೀನಿ, ನೀನು ಆ ಬೆಂಚು ನೋಡು."

"ಅಲ್ಲೇನಿದೆ ನೋಡೋಕೆ?" ಎಂದೆ.

"ಏನಾದ್ರೂ ಇರ್ಲೇಬೇಕಾ?"

ಸುಲಭ ಎಂದುಕೊಂಡೆ. ಮೊದಲ ದಿನ ಟೀ ಆರುವಷ್ಟು ಹೊತ್ತೂ ಕಣ್ಣು ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಕೈ ತಾನಾಗಿಯೇ ಫೋನಿಗೆ ಹೋಗುತ್ತಿತ್ತು. "ಓಡಿಹೋಯ್ತಾ? ಹಿಡ್ಕೊಂಡು ಬಾ" ಎನ್ನುತ್ತಿದ್ದರು ಗೂಬಣ್ಣ, ತಿರುಗಿ ಕೂಡ ನೋಡದೆ. ಬಿಡದೆ ದಿನಾ ನಿಂತೆ. ಒಂದು ಮಧ್ಯಾಹ್ನ ಕಸ ಗುಡಿಸುವ ಹೆಂಗಸು ಬಂದು, ಪೊರಕೆ ಒರಗಿಸಿ, ಬೆಂಚಿನ ಮೇಲೆ ಕೂತಳು. ಬೂಟು ಕಳಚಿದಳು. ಬಿಸಿಲಿಗೆ ಕಾಲು ಚಾಚಿ ಹತ್ತೂ ಬೆರಳನ್ನು ಅಗಲಿಸಿ, ಮಡಚಿ, ಮತ್ತೆ ಅಗಲಿಸಿದಳು. ಅಷ್ಟೇ. ನನ್ನ ಚಪ್ಪಲಿಯೊಳಗೆ ನನ್ನ ಬೆರಳೂ ಆಡಿದವು. ಹಿತವಾಯಿತು. ಅವಳು ಎದ್ದುಹೋಗುವ ತನಕ ನಾನು ಬೇರೆಲ್ಲೂ ನೋಡಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಆ ಸಂಜೆ ಊಟ ಮಾಡುತ್ತ, "ಅತ್ತೆ, ಇವತ್ತು ಉಪ್ಪು ಸರಿಯಾಗಿದೆ" ಎಂದೆ. ಅಜ್ಜಿ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು.

ಇವತ್ತು ಮತ್ತೆ ಸ್ಕ್ಯಾನ್ ಇತ್ತು. ನೀನು ನಿದ್ದೆಯಲ್ಲಿದ್ದೆ. ಮಂಡಿ ಮಡಚಿ, ಮುಷ್ಟಿಯನ್ನು ಗಲ್ಲಕ್ಕೆ ಒತ್ತಿಕೊಂಡಿದ್ದೆ. ಅಳತೆ ತೆಗೆಯುತ್ತ ತೆಗೆಯುತ್ತ ಡಾಕ್ಟರು ಸುಮ್ಮನಾದರು. ಅದೇ ಮೌನ. ಕಣ್ಣು ಅವರ ಹುಬ್ಬಿನ ಕಡೆ ಹೊರಟಿತು, ನಾನು ಬಿಡಲಿಲ್ಲ. ಕೆಟ್ಟ ಸುದ್ದಿ ಬರುವುದಿದ್ದರೆ ಅದೇ ಬಂದು ನನ್ನನ್ನು ಕರೆಯಲಿ, ಅಲ್ಲಿಯ ತನಕ ನಾನು ಇಲ್ಲೇ ಇರುತ್ತೇನೆ ಎಂದುಕೊಂಡೆ. ಎದೆ ಬಡಿಯುವುದೊಂದನ್ನು ಬಿಟ್ಟು ನೀನು ಏನೂ ಮಾಡಲಿಲ್ಲ. ಅದನ್ನೇ ಕಣ್ತುಂಬ ನೋಡಿದೆ. ನಿನಗೆ ಹೇಗೆ ಹೇಳಲಿ, ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. "ಎಲ್ಲಾ ಚೆನ್ನಾಗಿದೆ. ಸೋಮಾರಿ ಮಗು, ಏಳೋದೇ ಇಲ್ಲ ಅನ್ನುತ್ತೆ" ಎಂದರು ಡಾಕ್ಟರು.

ಬಸ್ಸಿಗೆ ಕಾಯುವಾಗ ನಿನ್ನ ಅಪ್ಪನಿಗೆ ಹೇಳಿಬಿಟ್ಟೆ, ಹೋದ ಸಲ ನೀನು ಕೈ ಬೀಸಿದ್ದನ್ನು ನಾನು ನೋಡಿರಲಿಲ್ಲ ಎಂದು. ಅವನು ತನ್ನ ಅಂಗೈ ನೋಡಿಕೊಂಡ.

"ನಾನೂ ನೋಡ್ಲಿಲ್ಲ ಕಣೇ. ನಿನ್ನ ಮುಖಾನೇ ನೋಡ್ತಾ ಇದ್ದೆ, ಏನಾಗುತ್ತೋ ಅಂತ. ಡಾಕ್ಟರು ಕೈ ಅಂದ್ರಲ್ಲ, ಅದನ್ನೇ ಎಲ್ರಿಗೂ ಹೇಳ್ಕೊಂಡು ಬಂದೆ."

ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಕೈ. ಇಬ್ಬರಿಗೂ ನಗು ಬಂತು, ನಗುತ್ತಲೇ ಅಳುವೂ ಬಂತು. ಬಸ್ಸು ಬಂದು ಹೋಯಿತು.

ಪಾಪ, ನೀನು ಅಷ್ಟು ಕಷ್ಟಪಟ್ಟು ಕೈ ಬೀಸಿದೆ, ಹೆತ್ತವರಿಬ್ಬರೂ ನೋಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಬಂದ ಮೇಲೆ ಇನ್ನೊಂದು ಸಲ ಬೀಸು. ಯಾವ ಕೈಯಾದರೂ ಸರಿ. ಬೀಸದೆ ಸುಮ್ಮನೆ ಮಲಗಿದ್ದರೂ ಸರಿ, ನಾವು ಇಲ್ಲೇ ಇರುತ್ತೇವೆ.

ಇಷ್ಟವಾದ ಕಡೆ ನಿನ್ನ ಕಣ್ಣು ಇಷ್ಟವಾದಷ್ಟು ಹೊತ್ತು ನಿಲ್ಲಲಿ. ನಿನ್ನ ಹೊಟ್ಟೆ ತಣ್ಣಗಿರಲಿ. ಅವಸರವಿಲ್ಲ, ನಿದ್ದೆ ಮುಗಿಸಿಕೊಂಡು ಬಾ.

ನಿನ್ನನ್ನೇ ನೋಡುತ್ತಿರುವ,
ಅಮ್ಮ