ಎರಡು ಸಹಿಯ ಮುದ್ರಣಾಲಯ

ಹದಿನಾಲ್ಕು, ಮಂಗಳವಾರ.

ನಮ್ಮ ಮುದ್ರಣಾಲಯ ಶುರುವಾಗಿ ಇಂದಿಗೆ ಒಂಬತ್ತು ದಿನ. ಮೊದಲ ದೊಡ್ಡ ಕೆಲಸ ಬಂತು, ಬಂದ ದಾರಿಯಲ್ಲೇ ಹೋಯಿತು. ನಲವತ್ತು ಸಾವಿರ ಚುನಾವಣಾ ಕರಪತ್ರ. ತಂದವರು ನನ್ನ ಪಾಲುದಾರನ, ಅಂದರೆ ಭಾವಮೈದುನನ, ಎದುರಾಳಿ ಪಕ್ಷದವರು. ಅವನು ಸಹಿ ಹಾಕಲಿಲ್ಲ. ಇಬ್ಬರ ಸಹಿಯಿಲ್ಲದೆ ಯಾವ ಕೆಲಸವನ್ನೂ ಒಪ್ಪಬಾರದೆಂದು ಕರಾರಿನಲ್ಲಿ ಸೇರಿಸಿದವನು ನಾನೇ. ತನ್ನ ಪಕ್ಷಕ್ಕೆ ಪುಕ್ಕಟೆ ಮುದ್ರಿಸಿ ಕೊಟ್ಟುಬಿಟ್ಟಾನೆಂಬ ಹೆದರಿಕೆ. ಅಚ್ಚುಕಟ್ಟಾಗಿ ಬರೆದೆ; ಈಗ ಅಚ್ಚೇ ಕಟ್ಟಾಯಿತು.

"ನಿಮ್ಮ ಪಕ್ಷ ಒಂದು ವಿಸಿಟಿಂಗ್ ಕಾರ್ಡಾದ್ರೂ ನಮ್ಮ ಹತ್ರ ಮಾಡಿಸ್ತೇನಪ್ಪ?" ಎಂದು ಕೆಣಕಿದೆ.

"ಇಲ್ಲ ಭಾವ. ಎಲ್ಲಾ ಎದುರುಗಡೆ ಪ್ರೆಸ್ಸಿಗೇ ಕೊಡ್ತಾರೆ. ಆದ್ರೂ ಪಕ್ಷದ ಜೊತೆ ಇಪ್ಪತ್ತೆರಡು ವರ್ಷದ ನಂಟು. ಮುರಿಯೋದು ನನ್ನ ಕೈಯಿಂದ ಬೇಡ."

ಮುಖದಲ್ಲಿ ಕೋಪವೂ ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹನ್ನೊಂದು ವರ್ಷದ ನೌಕರಿ ಬಿಟ್ಟು ನಮ್ಮನ್ನು ನಂಬಿ ಬಂದ ಮೆಷಿನ್ ಆಪರೇಟರು ಮಧ್ಯಾಹ್ನವಿಡೀ ಒರೆಸಿದ ರೋಲರನ್ನೇ ಒರೆಸುತ್ತಿದ್ದರು. ಹೊರಡುವಾಗ, "ನಾಳೆ ಬರ್ಲಾ ಸಾರ್?" ಎಂದರು. ಬನ್ನಿ ಎಂದೆ. ಯಾಕೆಂದು ಕೇಳಲಿಲ್ಲ, ನನ್ನ ಪುಣ್ಯ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ತಮ್ಮನ ಪರ.

"ಅವ್ನು ಹಿಡಿದ ಕೈ ಬಿಡೋನಲ್ಲ ರೀ. ನಾಳೆ ಪ್ರೆಸ್ಸು ಮುಳುಗಿದ್ರೆ ಎಲ್ರೂ ಎದ್ದು ಹೋಗ್ತಾರೆ, ಅವ್ನೊಬ್ಬ ನಿಮ್ ಜೊತೆ ಇರ್ತಾನೆ."

ಇರುತ್ತಾನೆ. ಅದರಲ್ಲಿ ನನಗೂ ಅನುಮಾನವಿಲ್ಲ. ಹಾಗಿರುವಾಗ ಅವನನ್ನು ಬಿಟ್ಟು ಬೇರೆ ಪ್ರೆಸ್ಸು ಹಾಕೋಣವೆಂದರೆ, ನನ್ನ ಕೈಯಿಂದಲೂ ಅದು ಬೇಡ.