ಸುಮ್ಮನೆ ಕೂಗಬಾರದ ಕೂಗು

ಲುಸೆಂಬೆ ಹೊಳೆಯ ದಂಡೆ,
ಒಣತಿಂಗಳು, ಮೂವತ್ತೈದನೆಯ ದಿನ, ೨೨೧೭

ಪ್ರೀತಿಯ ಇಂದುಮತಿ ಅಜ್ಜಿಗೆ,

ಮೇಲಿನ ತಾರೀಖನ್ನು ನೋಡಿ ಕಾಗದ ಬರೆದವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡ. ಮಳೆ ಹಿಂದಕ್ಕೆ ಸರಿದು ಸರಿದು ಬೇಸಿಗೆ ಉದ್ದವಾದ ಮೇಲೆ ನಮ್ಮ ಹಿರಿಯರು ಅದಕ್ಕೊಂದು ಬೇರೆಯೇ ತಿಂಗಳು ಮಾಡಿಟ್ಟರು. ಅದೇ ಒಣತಿಂಗಳು. ಮಳೆಯ ಮೊದಲ ಹನಿ ಬಿದ್ದ ದಿನ ಅದು ಮುಗಿಯುತ್ತದೆ, ಅಲ್ಲಿಯವರೆಗೆ ಎಷ್ಟು ದಿನವಾದರೂ ಎಣಿಸುತ್ತಲೇ ಇರುತ್ತೇವೆ. ನನ್ನ ಕನ್ನಡವೂ ನಿನಗೆ ವಿಚಿತ್ರವಾಗಿ ಕೇಳಿಸೀತು. ಮನೆಯಲ್ಲಿ ಆಡುವುದು ನೀನು ಗದಗಿನಿಂದ ಈ ಆಫ್ರಿಕಾಕ್ಕೆ ತಂದ ಮಾತು, ಬರೆಯುವುದು ಹಳೆಯ ಪುಸ್ತಕಗಳನ್ನು ಓದಿ ಕಲಿತದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನೀನು ನನಗೆ ಏಳು ತಲೆಮಾರು ಹಿರಿಯಳು, ಆದರೆ ಈ ಕಾಗದ ಬರೆಯುವ ಹೊತ್ತಿಗೆ ನನ್ನ ಕಣ್ಣಮುಂದಿರುವ, ಶಾಲೆಯ ಫೋಟೋದಲ್ಲಿನ ಇಂದುಮತಿಗೆ ನನಗಿಂತ ವಯಸ್ಸು ಕಡಿಮೆ. ಅಜ್ಜಿ ಎನ್ನಬೇಕೋ ತಂಗಿ ಎನ್ನಬೇಕೋ ತಿಳಿಯದೆ, ರೂಢಿಯಂತೆ ಅಜ್ಜಿ ಎಂದೇ ಕರೆದಿದ್ದೇನೆ.

ನಾನು ರಾಜಮ್ಮ, ಗೋಡೆ ಕಟ್ಟುವವಳು. ನನ್ನ ಗಂಡ ಸ್ವಾಲೆ ತೀರಿಹೋಗಿ ಇಂದಿಗೆ ನಲವತ್ತು ದಿನ. ನಲವತ್ತು ತುಂಬಿದ ದಿನ ದುಃಖದಲ್ಲಿರುವವರು ತಮ್ಮ ಹಿರಿಯರೊಬ್ಬರಿಗೆ ಕಾಗದ ಬರೆದು, ಊರಲ್ಲಿ ಏಳುತ್ತಿರುವ ಯಾವುದಾದರೂ ಹೊಸ ಗೋಡೆಯೊಳಗಿಟ್ಟು ಮಣ್ಣು ಮೆತ್ತುವುದು ನಮ್ಮ ಪದ್ಧತಿ. ಅದನ್ನು ಹಿಂದೋಲೆ ಎನ್ನುತ್ತೇವೆ. ತಲುಪುತ್ತದೆ ಎಂದು ನಂಬುವವರಿದ್ದಾರೆ. ನಾನು ಬೇರೆಯವರ ಹಿಂದೋಲೆಗಳನ್ನು ಎಷ್ಟೋ ಗೋಡೆಗಳಲ್ಲಿ ಮೆತ್ತಿದವಳು, ನನಗೆ ಆ ನಂಬಿಕೆ ಕಡಿಮೆ. ಆದರೂ ಬರೆಯುತ್ತಿದ್ದೇನೆ. ಸ್ವಾಲೆಯ ತಂದೆತಾಯಿಗೆ ಬರೆಯಬಹುದಿತ್ತು. ನಿನಗೆ ಬರೆಯುವ ಕಾರಣ ಬೇರೆ ಇದೆ, ಅಜ್ಜಿ. ನಿನ್ನ ಮೇಲೆ ನನಗೆ ಸಿಟ್ಟಿದೆ. ಪ್ರೀತಿಯೂ ಇದೆ, ಅದಕ್ಕೇ ಸಿಟ್ಟು ಹೆಚ್ಚು.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಆಫ್ರಿಕಾದ ಹಳ್ಳಿಗಳಲ್ಲಿ ವಿದ್ಯೆಯಿಲ್ಲ, ಹೊರಗಿನಿಂದ ತಂದು ಸುರಿಯಬೇಕು ಎನ್ನುವ ಅಧಿಕಾರಿಗಳ ಜೊತೆ, ಇಲ್ಲಿ ಶಾಲೆ ಕಟ್ಟಿಸಿ ಪಠ್ಯಪುಸ್ತಕ ಬರೆಯಲು ಬಂದ ನೀನು ಮೇಜು ಗುದ್ದಿ ಜಗಳವಾಡಿದೆಯಲ್ಲ, ಆ ಜಗಳ ನೀನೇ ಗೆದ್ದೆ. ಇಂದು ನಾನು ಕಟ್ಟುವ ಮನೆಗಳಿಗೆ ಹುತ್ತಮನೆ ಎಂದು ಹೆಸರು. ಗೆದ್ದಲಿನ ಹುತ್ತದೊಳಗೆ ಗಾಳಿ ಹೇಗೆ ಆಡುತ್ತದೆಂದು ಇಲ್ಲಿಯ ಮಣ್ಣುಗೆಲಸದವರಿಗೆ ಮೊದಲೇ ಗೊತ್ತಿತ್ತು. ಆ ಲೆಕ್ಕದಲ್ಲೇ ಗೋಡೆಯೊಳಗೆ ಕೊಳವೆ ಬಿಡುತ್ತೇವೆ, ಉರಿ ಬಿಸಿಲಿನಲ್ಲೂ ಒಳಗೆ ತಂಪು. ಜೋಳ ಬಿತ್ತುವುದು ಗುಂಡಿಹೊಲದಲ್ಲಿ. ನೆಲ ಒಣಗಿರುವಾಗಲೇ ಮೊಣಕೈ ಆಳದ ಗುಂಡಿ ತೋಡಿ ಗೊಬ್ಬರ ತುಂಬಿ, ಬಿದ್ದ ಮಳೆಯನ್ನು ಅಲ್ಲೇ ಹಿಡಿಯುವ ಈ ರೀತಿ ಸಹಾರಾದ ಅಂಚಿನ ರೈತರದ್ದು. ಈಗ ಅದು ನಿನ್ನ ಗದಗಿನ ಬಯಲಿನಲ್ಲೂ ಇದೆಯಂತೆ. ಕಾಳನ್ನು ಬೂದಿ ಬೆರೆಸಿ ಮಣ್ಣಿನ ಕಣಜದಲ್ಲಿಡುತ್ತೇವೆ, ಹುಳ ಮುಟ್ಟುವುದಿಲ್ಲ. ಈ ವಿದ್ಯೆಗಳಿಗೆಲ್ಲ ಈಗ ಕಾಲೇಜುಗಳಿವೆ, ಡಿಗ್ರಿಗಳಿವೆ, ಡಿಗ್ರಿ ಸಿಕ್ಕವರ ಜಂಬವೂ ಇದೆ. ನೀನು ನೋಡಿದ್ದರೆ ಕುಣಿದಾಡುತ್ತಿದ್ದೆ.

ಆದರೆ ಇವೆಲ್ಲ ಮನುಷ್ಯ ಒಬ್ಬನೇ ಮಾಡಬಹುದಾದವು. ಪುಸ್ತಕದಲ್ಲಿ ಬರೆದಿಟ್ಟರೆ ನೂರು ವರ್ಷ ಬಿಟ್ಟು ಮತ್ತೊಬ್ಬ ಓದಿ ಮಾಡಬಹುದು. ದಾರಿಹಕ್ಕಿಯ ವಿಷಯ ಹಾಗಲ್ಲ.

ನಿನ್ನ ಕಾಲಕ್ಕೆ ಆ ಹಕ್ಕಿ ಇನ್ನೂ ಬರುತ್ತಿತ್ತು. ನೀನೇ ಕಣ್ಣಾರೆ ಕಂಡಿದ್ದೀಯ. ಗುಬ್ಬಿಗಿಂತ ತುಸು ದೊಡ್ಡದು, ನೋಡಲು ಏನೇನೂ ಅಲ್ಲ. ಜೇನು ಬೇಕಾದವನು ಕಾಡಿನಂಚಿಗೆ ಹೋಗಿ ಒಂದು ಕೂಗು ಹಾಕುತ್ತಿದ್ದ. ನಾಲಿಗೆಯನ್ನು ನಡುಗಿಸಿ ಕೊನೆಗೆ ಎದೆಯಿಂದ ಒಂದು ಹೂಂಕಾರ. ಹಕ್ಕಿ ಬಂದು ಚಟಪಟ ಸದ್ದು ಮಾಡುತ್ತಾ ಮರದಿಂದ ಮರಕ್ಕೆ ಹಾರುತ್ತಿತ್ತು, ಇವನು ಹಿಂದೆ ನಡೆಯುತ್ತಿದ್ದ. ಜೇನಿದ್ದ ಮರದ ಬಳಿ ಅದು ಸುಮ್ಮನಾಗುತ್ತಿತ್ತು. ಹೊಗೆ ಹಾಕಿ, ಪೊಟರೆ ಕಡಿದು, ತುಪ್ಪ ಇವನು ತೆಗೆದುಕೊಳ್ಳುತ್ತಿದ್ದ, ಮೇಣ ಹಕ್ಕಿಗೆ. ಮೇಣವನ್ನು ಹಸಿರೆಲೆಯ ಮೇಲೆ ಇಟ್ಟು ಬರುವುದು ರಿವಾಜು. ಸಾಕಿದ ಹಕ್ಕಿಯಲ್ಲ, ಪಂಜರವಿಲ್ಲ, ಯಾರೂ ಪಳಗಿಸಿದ್ದಲ್ಲ. ಕಾಡಿನ ಒಂದು ಜೀವ ತಾನಾಗಿಯೇ ಮನುಷ್ಯನನ್ನು ನಂಬಿತ್ತು.

ಮಕ್ಕಳೆಲ್ಲ ಶಾಲೆ ಸೇರಿದರೆ ಈ ಕೂಗು ಮರೆತುಹೋಗುತ್ತದೆ ಎಂಬುದು ನಿನ್ನ ಆತಂಕವಾಗಿತ್ತು. ನ್ಯಾಯವಾದ ಆತಂಕವೇ. ಒಂದನೆಯ ತರಗತಿಯ ಪುಸ್ತಕದ ಮೊದಲ ಪಾಠವಾಗಿ ಅದನ್ನು ಸೇರಿಸಬೇಕೆಂದು ಪಟ್ಟು ಹಿಡಿದೆ. ಬೆಳಗಿನ ಪ್ರಾರ್ಥನೆಯ ಜೊತೆ ಮಕ್ಕಳು ಒಟ್ಟಾಗಿ ಕೂಗಲಿ, ತಮ್ಮ ಅಜ್ಜಂದಿರ ವಿದ್ಯೆಯ ಬಗ್ಗೆ ಅವರಿಗೆ ಹೆಮ್ಮೆಯಿರಲಿ ಎಂದೆ. ಆಗ ಹಕ್ಕಿಯ ಹಿಂದೆ ಹೋಗಿ ಜೇನು ಕೀಳುತ್ತಿದ್ದ ಮಜೀದಿ ಎಂಬ ಮುದುಕ ನಿನ್ನ ಬಳಿ ಬಂದು, "ಇದನ್ನು ಸುಮ್ಮನೆ ಕೂಗಬಾರದು ಮಗಳೇ, ಕೂಗಿದರೆ ಹೊರಡಬೇಕು" ಎಂದನಂತೆ. ಹಳೆಯ ಕಾಲದವರು, ವಿದ್ಯೆ ಬಚ್ಚಿಡುತ್ತಾರೆ ಎಂದುಕೊಂಡು ನೀನು ನಕ್ಕು, ಅವನಿಗೆ ಚಹಾ ಕೊಟ್ಟು ಕಳಿಸಿದೆ. ಈ ಪ್ರಸಂಗವನ್ನು ನೀನು ಮಕ್ಕಳ ಮುಂದೆ, ಮೊಮ್ಮಕ್ಕಳ ಮುಂದೆ ತಮಾಷೆಯಾಗಿ ಹೇಳುತ್ತಿದ್ದೆಯಂತೆ. ನಮ್ಮ ಮನೆಯಲ್ಲಿ ಅದು ಬಾಯಿಂದ ಬಾಯಿಗೆ ಬಂದಿದೆ. ನನ್ನ ಅಮ್ಮನ ಕಾಲದವರೆಗೂ ಎಲ್ಲರೂ ನಗುತ್ತಲೇ ಹೇಳಿದರು.

ಪಾಠ ಅಚ್ಚಾಯಿತು. ಬೆಳಿಗ್ಗೆ ಇಡೀ ಶಾಲೆ ಕೂಗಿತು. ಹಕ್ಕಿ ಬಂತು. ಅಂಗಳದ ಮಾವಿನ ಮರದ ಮೇಲೆ ಕೂತು ಚಟಪಟ ಎಂದಿತು, ಮುಂದಿನ ಮರಕ್ಕೆ ಹಾರಿತು, ಹಿಂದೆ ಯಾರೂ ಬರದ್ದನ್ನು ಕಂಡು ತಿರುಗಿ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಗಂಟೆ ಹೊಡೆಯಿತು, ಎಲ್ಲರೂ ಸಾಲಾಗಿ ತರಗತಿಗೆ ಹೋದರು. ಮರುದಿನವೂ ಹಾಗೇ. ನಿನ್ನ ಪುಸ್ತಕ ಚೆನ್ನಾಗಿತ್ತು, ಎಲ್ಲ ಶಾಲೆಗಳೂ ತರಿಸಿಕೊಂಡವು. ಬರಬರುತ್ತಾ ಕಾಡು ನೋಡಲು ಬರುವ ಪ್ರವಾಸಿಗಳ ಗಾಡಿಗಳಲ್ಲೂ ರೆಕಾರ್ಡ್ ಮಾಡಿದ ಕೂಗು ಹಾಕತೊಡಗಿದರು. ಹಕ್ಕಿಗಳು ಎಷ್ಟು ಕಾಲ ಮೋಸಹೋದಾವು? ಅವು ಒಂದನ್ನೊಂದು ನೋಡಿ ಕಲಿಯುತ್ತವೋ ಹೇಗೋ ನಾನರಿಯೆ. ಮನುಷ್ಯ ಕೂಗುತ್ತಾನೆ, ಹೊರಡುವುದಿಲ್ಲ ಎಂಬುದನ್ನು ಮಾತ್ರ ಅವು ಚೆನ್ನಾಗಿ ಕಲಿತವು. ಇಂದು ಈ ಸೀಮೆಯ ಪ್ರತಿ ಮಗುವಿಗೂ ಆ ಕೂಗು ಬಾಯಿಪಾಠ. ಬರುವ ಹಕ್ಕಿ ಒಂದೂ ಇಲ್ಲ.

ಜೇನಿಗೇನೂ ಬರವಿಲ್ಲ ಅಜ್ಜಿ, ಪೆಟ್ಟಿಗೆ ಜೇನು ಬೇಕಾದಷ್ಟಿದೆ. ಅಂಗಡಿಯಿಂದ ತಂದು ತಿನ್ನು ಎಂದು ಎಲ್ಲರೂ ಸ್ವಾಲೆಗೆ ಹೇಳಿದರು, ನಾನೂ ಹೇಳಿದೆ. ಅವನು ಜಗ್ಗಲಿಲ್ಲ. ಅವನ ಮನೆತನದಲ್ಲಿ ಕೂಗನ್ನು ಮಗನಿಗೆ ಕಾಡಿನಲ್ಲೇ ಕೊಡುತ್ತಿದ್ದರು, ಮನೆಯೊಳಗೆ ಯಾರೂ ಉಚ್ಚರಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನ ಹಿಂದೆ ನಾನೂ ಹೋಗುತ್ತಿದ್ದೆ. ಕೂಗುತ್ತಿದ್ದ, ನಿಲ್ಲುತ್ತಿದ್ದ, ಹಕ್ಕಿ ಬಾರದಿದ್ದರೂ ಬಂದಿದೆ ಎಂಬಂತೆ ಕಾಡಿನೊಳಕ್ಕೆ ನಡೆಯುತ್ತಿದ್ದ. ಮರ ಮರ ಹುಡುಕಿ ಎಲ್ಲೋ ಒಂದು ಗೂಡು ಸಿಕ್ಕರೆ ಮೇಣವನ್ನು ಎಲೆಯ ಮೇಲೆ ಇಟ್ಟು ಬರುತ್ತಿದ್ದ. ಯಾರಿಗಯ್ಯಾ ಇಡ್ತೀ ಎಂದು ನಾನು ರೇಗಿಸಿದರೆ, ಮಾತು ತಪ್ಪಿದವರು ನಾವು, ಮೊದಲು ನಾವೇ ಸರಿಯಾಗಬೇಕು ಎನ್ನುತ್ತಿದ್ದ. ಹುಚ್ಚು ಎಂದರು ಊರವರು. ಈ ಒಣತಿಂಗಳು ಹಿಡಿಯುವ ಮುಂಚೆ ಅವನು ಎತ್ತರದ ಒಣಮರವೊಂದನ್ನು ಹತ್ತಿದ. ಕೊಂಬೆಯನ್ನು ಗೆದ್ದಲು ತಿಂದಿತ್ತು, ಮುರಿದುಬಿತ್ತು. ಸಂಜೆ ಹೊತ್ತುಕೊಂಡು ಬಂದರು. ಆ ಮರದಲ್ಲಿ ಜೇನು ಇರಲೇ ಇಲ್ಲ ಎಂದು ಆಮೇಲೆ ಯಾರೋ ಹೇಳಿದರು, ನನಗೆ ಅದನ್ನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಈಗ ನನ್ನ ಮಗಳ ವಿಷಯ. ರುಕಿಯಾ ನೀನು ಕಟ್ಟಿಸಿದ ಶಾಲೆಯಲ್ಲೇ ಓದುತ್ತಾಳೆ. ಅಪ್ಪ ಹೋದ ಮೇಲೆ ಬೆಳಗಿನ ಸಾಲಿನಲ್ಲಿ ನಿಂತು ಎಲ್ಲರೂ ಕೂಗುವಾಗ ಅವಳು ಬಾಯಿ ಬಿಗಿದುಕೊಂಡು ನಿಲ್ಲುತ್ತಾಳೆ. ಗದರಿದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಹೆಡ್ ಮೇಡಂ ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಸ್ವಾಲೆಯ ಸಾವಿಗೆ ಕಣ್ಣೀರು ಹಾಕಿದವರು. ಆದರೆ ನಿನ್ನ ಫೋಟೋದ ಕೆಳಗೇ ಕೂತು, "ನಿಮ್ಮ ವಂಶದವರೇ ತಂದ ಪಾಠ ಅಲ್ವಾ ಇದು, ನಿಮ್ಮ ಮಗುವೇ ಹೇಳದಿದ್ದರೆ ಹೇಗೆ? ನಮ್ಮ ಪರಂಪರೆಯನ್ನು ಬಿಟ್ಟುಕೊಡೋಕಾಗುತ್ತಾ?" ಎಂದರು. ನಾಳೆ ಬೆಳಿಗ್ಗೆ ರುಕಿಯಾ ಎಲ್ಲರ ಮುಂದೆ ಒಬ್ಬಳೇ ನಿಂತು ಕೂಗಬೇಕು. ಇಲ್ಲವಾದರೆ ಮೇಲಿನ ತರಗತಿಗೆ ಹಾಕುವುದಿಲ್ಲ. ಹುತ್ತಮನೆಯ ಕಾಲೇಜು ಸೇರಬೇಕೆಂದು ಆಸೆಯಿಟ್ಟುಕೊಂಡ ಹುಡುಗಿ, ಅಜ್ಜಿ. ನನಗಿಂತ ಜಾಣೆ. ಅವಳ ಓದು ನಿಂತರೆ ನನಗೆ ಸಹಿಸಲಾಗುವುದಿಲ್ಲ. ಅಪ್ಪ ಸುಮ್ಮನೆ ಆಡದೆ ಉಳಿಸಿಕೊಂಡಿದ್ದ ಮಾತನ್ನು ಅವಳಿಂದ ಹಾಡಿನಂತೆ ಹೇಳಿಸಿದರೂ ಸಹಿಸಲಾಗುವುದಿಲ್ಲ.

ಅದಕ್ಕೆ ನಿನ್ನಲ್ಲಿ ಒಂದು ಬೇಡಿಕೆ. ಪಾಠ ಬರೆಯಬೇಡ ಎನ್ನಲಾರೆ. ನೀನು ಬರೆಯದಿದ್ದರೆ ಇನ್ಯಾರೋ ಈ ಜನಕ್ಕೆ ಏನೂ ಗೊತ್ತಿಲ್ಲ ಎಂದು ಬರೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಬರೆ. ಆದರೆ ಆ ಮುದುಕನನ್ನು ಚಹಾ ಕೊಟ್ಟು ಕಳಿಸಬೇಡ, ಕೂರಿಸಿಕೊಂಡು ಪೂರ್ತಿ ಕೇಳು. ಕೂಗಿದ ಮೇಲಿನ ನಡಿಗೆಯನ್ನೂ ಪಾಠವೆಂದೇ ಬರೆ. ಕೂಗಿದ ದಿನ ಗಂಟೆ ಬಾರಿಸಬೇಡಿ, ಮಕ್ಕಳನ್ನು ಹಕ್ಕಿಯ ಹಿಂದೆ ಬಿಡಿ, ಲೆಕ್ಕದ ಪಾಠ ನಾಳೆ ಮಾಡಿದರಾಯಿತು. ವರ್ಷಕ್ಕೆ ಒಮ್ಮೆ ಕೂಗಿದರೂ ಸಾಕಿತ್ತು.

ನಿನ್ನೆ ಸಂಜೆ ಒಲೆಯ ಮುಂದೆ ಕೂತು ರುಕಿಯಾ ಕೇಳಿದಳು, "ಅವ್ವಾ, ನಾ ಕೂಗಿದ್ರ ಸುಳ್ಳು ಆಕ್ಕೇತೇನು?"

"ಕೂಗಿ ಅಲ್ಲೇ ನಿಂತ್ರ ಸುಳ್ಳು," ಎಂದೆ.

"ಹಕ್ಕಿ ಬರಂಗಿಲ್ಲಲ್ಲ, ಮತ್ತ?"

ಬರುವುದಿಲ್ಲ ಎಂದು ನನಗೂ ಗೊತ್ತು. ಸ್ವಾಲೆ ಅಷ್ಟು ವರ್ಷ ಕರೆದರೂ ಬಾರದ ಹಕ್ಕಿ ನಾಳೆ ಒಂದು ಮಗುವಿಗಾಗಿ ಬರುತ್ತದೆಯೆಂದು ಹೇಳಿ ಅವಳನ್ನು ಸಮಾಧಾನ ಮಾಡಲು ಬಾಯಿ ಬರಲಿಲ್ಲ. ಅತ್ತೆವು ಇಬ್ಬರೂ. ಆಮೇಲೆ ಒಂದು ಮಾತು ಮಾಡಿಕೊಂಡೆವು.

ನಾಳೆ ಅವಳು ಎಲ್ಲರೆದುರು ಕೂಗುತ್ತಾಳೆ, ಅವಳಪ್ಪ ಕೂಗುತ್ತಿದ್ದ ಹಾಗೆಯೇ. ನಾನು ಇವತ್ತು ಅವಳನ್ನು ಕಾಡಿನಂಚಿಗೆ ಕರೆದೊಯ್ದು ಕಲಿಸಿದ್ದೇನೆ. ಮುಗಿದ ಕೂಡಲೇ ಸಾಲು ಬಿಟ್ಟು ಗೇಟಿನತ್ತ ನಡೆಯುತ್ತಾಳೆ. ಮೇಡಂ ಕರೆದರೂ ತಿರುಗುವುದಿಲ್ಲ. ಮೇಲಿನ ತರಗತಿಗೆ ಹಾಕುತ್ತಾರೋ ಬಿಡುತ್ತಾರೋ, ಅದನ್ನು ಆಮೇಲೆ ನೋಡಿಕೊಳ್ಳುತ್ತೇವೆ. ಗೇಟಿನ ಹೊರಗೆ ನಾನು ಸ್ವಾಲೆಯ ಕೊಡಲಿ, ಬೆಂಕಿಯ ಕೊಳ್ಳಿ ಹಿಡಿದು ನಿಂತಿರುತ್ತೇನೆ.

ನಿನ್ನ
ರಾಜಮ್ಮ